ವಾಸನೆ ಇಲ್ಲದ ಮಾತ್ರೆ

ನನ್ನ ಮೂಗು ಚುರುಕು ಎಂದು ಊರಿಗೆಲ್ಲ ಗೊತ್ತಿತ್ತು. ಎಪ್ಪತ್ತರ ದಶಕದ ಮಾತು. ನಮ್ಮ ಯುವಕರ ಸಂಘ ವರ್ಷಕ್ಕೊಮ್ಮೆ ಮಾರಿಕಣಿವೆಯಿಂದ ಹಿರಿಯೂರಿಗೆ ಓಟದ ಪಂದ್ಯ ನಡೆಸುತ್ತಿತ್ತು. ಗೆದ್ದವನು ಚಿತ್ರದುರ್ಗದ ಪಂದ್ಯಕ್ಕೆ ಹೋಗುತ್ತಿದ್ದ. ಕೆಲವರು ಸಾರಾಯಿ ಕುಡಿದು, ಭಂಗಿ ಸೇದಿ ಓಡುತ್ತಾರೆಂಬ ದೂರು ಬಂದಾಗ ಸಂಘದ ಹಿರಿಯರು ಹೊಸ ಪದ್ಧತಿ ತಂದರು: ಓಟಕ್ಕೆ ಮೊದಲು ಸಾಲಾಗಿ ನಿಲ್ಲಿಸಿ ಬಾಯಿ ಮೂಸುವುದು. ಮೂಸುವವನು ನಾನು. ಅಯ್ಯೋ, ಏನು ದರ್ಬಾರು ನನ್ನದು! ಈರುಳ್ಳಿ ತಿಂದು ಬಂದವನಿಗೂ ಬೈಯುತ್ತಿದ್ದೆ.

ಆ ವರ್ಷ ನನ್ನ ಗೆಳೆಯನೂ ಸಾಲಿನಲ್ಲಿದ್ದ. ಕುರಿಗಳ ಹಿಂದೆ ಓಡಿಯೇ ಬೆಳೆದವನು. ಸ್ವಲ್ಪ ಮುಂಚೆ ಮರದ ಮರೆಯಲ್ಲಿ ಅವನು ಎರಡು ಮಾತ್ರೆ ನುಂಗುವುದನ್ನು ಕಣ್ಣಾರೆ ಕಂಡಿದ್ದೆ. ನಿದ್ದೆ ಬಾರದಿರಲೆಂದು ಲಾರಿ ಡ್ರೈವರುಗಳು ನುಂಗುವ ಮಾತ್ರೆ.

"ಲೇ, ಯಾರಿಗೂ ಹೇಳ್ಬ್ಯಾಡ. ಇದಕ್ಕೆ ವಾಸ್ನೇನೇ ಇಲ್ಲ," ಎಂದು ನಕ್ಕಿದ್ದ.

ಅವನ ಬಾಯಿ ಮೂಸಿದೆ. ರಾಗಿ ಅಂಬಲಿಯ ವಾಸನೆ. ಇಂದಿಗೂ ಆ ವಾಸನೆ ಬಂದರೆ ಊಟ ಬಿಟ್ಟು ಏಳುತ್ತೇನೆ.

"ಏನಪ್ಪ, ಏನಾರ ಐತಾ?" ಹಿರಿಯರು ಕೇಳಿದರು.

"ಅಂಬ್ಲಿ ವಾಸ್ನೆ ಬಿಟ್ರೆ ಯಾವ ವಾಸ್ನೇನೂ ಇಲ್ರಿ," ಎಂದೆ. ಸುಳ್ಳು ಹೇಳದೆ ಗೆಳೆಯನನ್ನು ಉಳಿಸಿದೆನೆಂದು ಒಳಗೊಳಗೇ ಬೀಗಿದೆ, ಮುಠ್ಠಾಳ.

ಅಂದು ಸುಡುಬಿಸಿಲು. ಅರ್ಧ ದಾರಿಯಲ್ಲಿ ಎಲ್ಲರೂ ನೀರಿಗೆ ನಿಂತರು, ಅವನು ನಿಲ್ಲಲಿಲ್ಲ. ದಣಿವೇ ಅವನಿಗೆ ತಿಳಿಯುತ್ತಿರಲಿಲ್ಲ. ಊರು ಕಾಣುವ ತಿರುವಿನಲ್ಲಿ ಬಿದ್ದುಬಿಟ್ಟ. ಸೈಕಲ್ಲಿನಲ್ಲಿ ಹಿಂದೆಯೇ ಇದ್ದ ನಾನು ಓಡಿಹೋಗಿ ಹಿಡಿದುಕೊಂಡರೆ ಮೈ ಕಾದ ಹೆಂಚಾಗಿತ್ತು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು.

ಕುಡಿದು ಓಡಿದ್ದನೆಂದು ಜನ ಗುಸುಗುಸು ಶುರು ಮಾಡಿದರು. ಅವನ ತಾಯಿ ಎಲ್ಲರೆದುರು ನನ್ನ ಕೈ ಹಿಡಿದಳು. "ಮೂಸಿ ನೋಡಿದೋನು ಇಲ್ಲೇ ಅವ್ನೆ, ಕೇಳ್ರಿ! ಹೇಳಪ್ಪ, ನನ್ ಮಗ ಏನಾರ ತಗಂಡಿದ್ನಾ?"

"ಇಲ್ಲಮ್ಮ," ಎಂದೆ.

ಮರುವರ್ಷ ಆಕೆ ತನ್ನ ಎರಡನೇ ಮಗನನ್ನು ತಾನೇ ಕರೆತಂದು ಸಾಲಿನಲ್ಲಿ ನಿಲ್ಲಿಸಿದಳು. "ನೀನು ಮೂಸಿ ಕಳ್ಸಿದ್ರೆ ನಂಗೆ ಧೈರ್ಯ ಕಣಪ್ಪ," ಎಂದಳು. ಅವನು ನನ್ನೆದುರು ಬಾಯಿ ತೆರೆದು ನಿಂತ. ಮೂಸಿದರೆ ಮಾತ್ರೆ ಸಿಗದು, ಎಲ್ಲರ ಜೇಬು ನೋಡಿ, ಬೆಳಗಿನಿಂದ ಜೊತೆಗಿದ್ದು ಕಾಯಿರಿ ಎಂದು ಹಿರಿಯರಿಗೆ ಕೂಗಿ ಹೇಳಿದೆ. ಅವನ ಅಣ್ಣ ನುಂಗಿದ್ದನ್ನೂ ಹೇಳಿಬಿಟ್ಟೆ.

ಆಕೆ ಅಳಲಿಲ್ಲ, ಬೈಯಲಿಲ್ಲ. ಮಗನ ತೋಳು ಹಿಡಿದು ಸಾಲಿನಿಂದ ಈಚೆಗೆ ಎಳೆದುಕೊಂಡು, ನನ್ನ ಮುಖವನ್ನೇ ನೋಡಿದಳು.

"ಹಂಗಾರೆ ನೀನು ನೋಡಿದ್ದೆ," ಎಂದಳು.