‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಅಂದ್ರೆ ಎಷ್ಟು ಗಂಟೆಗೆ ಸಾರ್?

ಫ್ರೆಂಡ್ಸ್, ನಮ್ಮ ದೊಡ್ಡೇರಿಯಲ್ಲಿ ಇವತ್ತು ಬೆಳಗ್ಗೆಯಿಂದ ಕರೆಂಟಿಲ್ಲ. ಮಗಳಿಗೆ ರಾತ್ರಿಯಿಂದ ಉಬ್ಬಸ, ನೆಬ್ಯುಲೈಸರ್ ಮಿಷನ್ನು ಹಾಕಲೇಬೇಕು. ಕರೆಂಟ್ ಆಫೀಸಿನ ವಾಟ್ಸಪ್ ಗ್ರೂಪಿಗೆ ಎಷ್ಟು ಸಲ ಬರೆದರೂ ಒಂದೇ ಉತ್ತರ, ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’. ನಿದ್ದೆಗೆಟ್ಟ ತಲೆ ಕೆಟ್ಟೇ ಹೋಯಿತು. ಮಗು, ಮಿಷನ್ನು ಎರಡನ್ನೂ ಎತ್ತಿಕೊಂಡು ಆಫೀಸಿಗೇ ಹೋದೆ. ಅಲ್ಲಿ ಯುಪಿಎಸ್ ಇದೆ, ಸಾಹೇಬ್ರು ಟೇಬಲ್ ಫ್ಯಾನಿನ ಮುಂದೆ ಕೂತಿದ್ರು.

“ಇಷ್ಟು ಗಂಟೆಗೆ ಬರುತ್ತೆ ಅಂತ ಬರೀರಿ ಸಾರ್.”

“ಟೈಮ್ ಬರೆದ್ರೆ ಆ ಟೈಮಿಗೆ ಮಾಡ್ಬೇಕಾಯ್ತದೆ ಕಣಮ್ಮ. ಇಂಗೆ ಬರೆದ್ಬುಟ್ರೆ ಯಾರೂ ಕೇಳಲ್ಲ.”

ಫ್ಯಾನಿನ ಪ್ಲಗ್ ಕಿತ್ತು ನೆಬ್ಯುಲೈಸರ್ ಹಾಕಿದೆ.

“ಏನಮ್ಮ ಇದು, ಎಷ್ಟೊತ್ತು?”

“ಇವಳು ಸರಿಯಾಗಿ ಉಸಿರಾಡೋವರೆಗೂ.”

ಮಗಳ ಉಸಿರು ಈಗ ಹಗುರಾಗಿದೆ. ಸಾಹೇಬ್ರಿಗೆ ಬೆವರು ಇಳಿಯೋಕೆ ಶುರುವಾದ ಮೇಲೆ ಅವರೇ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಟೈಮ್ ಕೇಳಿದ್ರು.