ಕಂಬದ ಮರೆಯ ಬೆಳಕು

ಸುಂಕಪ್ಪ ಸಾಯುವ ಹಿಂದಿನ ದಿನ ಮನೆಯಲ್ಲಿ ಜಗಳವಾದದ್ದು ಒಂದು ಫ್ಲಾಶಿನ ಸಲುವಾಗಿ.

ಎಂಬತ್ಮೂರರ ಬೇಸಿಗೆ. ರಾಯಚೂರಿನ ತೀನ್ ಕಂದೀಲಿನ ಹತ್ತಿರ ಅವನದೊಂದು ಸಣ್ಣ ಸ್ಟುಡಿಯೋ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಬಿಸಿಲಿಗೆ ಗಿರಾಕಿ ಯಾರೂ ಬಂದಿರಲಿಲ್ಲ. ಹೆಂಡತಿ ಶೇಖಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುಂಕಪ್ಪ ಹೈದರಾಬಾದಿನಿಂದ ತರಿಸಿದ ಹೊಸ ಫ್ಲಾಶನ್ನು ಅಡಿಗೆಮನೆಗೇ ತಂದು ಅವಳ ಮುಖದ ಮುಂದೆ ಹಿಡಿದ.

"ಇಲ್ನೋಡು. ಇದಕ್ಕ ಕಣ್ಣದ."

"ಕಣ್ಣೊಂದೇ ಏನು? ಮೂಗಿಲ್ಲೇನ್ರಿ?"

"ನಗಬ್ಯಾಡ ತಡಿ ಬೇ. ಇದಕ್ಕ ಆಟೋ ಅಂತಾರ. ಎದುರಿಗಿದ್ದವರ ಮ್ಯಾಲ ಬಿದ್ದ ಬೆಳಕು ತಿರುಗಿ ಬಂದು ಈ ಕಣ್ಣಿಗಿ ಬಡೀತದ. ಸಾಕು ಅನಿಸಿದ ಕೂಡ್ಲೇ ತಾನೇ ಆರ್ತದ. ದೂರ ಅಳೆಯೋದಿಲ್ಲ, ಏನಿಲ್ಲ."

ಹಳೆಯ ಫ್ಲಾಶಿಗೆ ಕಣ್ಣಿರಲಿಲ್ಲ. ಹತ್ತಿರವಿರಲಿ ದೂರವಿರಲಿ ಅದು ಒಂದೇ ಸಮನೆ ಬೆಳಕು ಹೊಡೆಯುತ್ತಿತ್ತು. ದೂರ ನೋಡಿಕೊಂಡು ಕ್ಯಾಮೆರಾದ ಕಿಂಡಿಯನ್ನು ಹಿಗ್ಗಿಸುವುದು ಕುಗ್ಗಿಸುವುದು ಮನುಷ್ಯನ ಕೆಲಸ. ಅದಕ್ಕೆ ಮ್ಯಾನುವಲ್ ಎನ್ನುತ್ತಿದ್ದರು. ಸುಂಕಪ್ಪ ಫ್ಲಾಶನ್ನು ಎಂದೂ ಕ್ಯಾಮೆರಾದ ನೆತ್ತಿಯ ಮೇಲೆ ಇಟ್ಟವನಲ್ಲ. ನೇರ ಬೆಳಕು ಬಿದ್ದರೆ ಮುಖ ಹಪ್ಪಳದ ಹಾಗೆ ಚಪ್ಪಟೆ ಬರುತ್ತದೆ ಎನ್ನುತ್ತಿದ್ದ. ಉದ್ದನೆಯ ವೈರು ಹಾಕಿ ಅದನ್ನು ಶೇಖಮ್ಮನ ಕೈಗೆ ಕೊಡುತ್ತಿದ್ದ. ಮದುವೆಗೆ ಹೋದಲ್ಲೆಲ್ಲ ಅವಳು ಪಕ್ಕಕ್ಕೆ ನಿಂತು ಕೈ ಎತ್ತಿ ಹಿಡಿಯುವವಳು. ಫ್ಲಾಶಿನ ಹಿಡಿಕೆಗೆ ಒಂದು ದಾರ, ದಾರಕ್ಕೆ ಗಂಟುಗಳು. ದಾರದ ತುದಿಯನ್ನು ಮದುಮಗಳ ಹೆಗಲಿಗೆ ಇಟ್ಟು, ಬಿಗಿಯಾಗಿ ಎಳೆದುಕೊಂಡು ಹಿಂದೆ ಸರಿದು, ಕೈಗೆ ಯಾವ ಗಂಟು ಬಂತೋ ಅದನ್ನು ಕೂಗಿ ಹೇಳುತ್ತಿದ್ದಳು. ಅವನು ಅದಕ್ಕೆ ಸರಿಯಾಗಿ ಕಿಂಡಿ ತಿರುಗಿಸುತ್ತಿದ್ದ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ಅವಳು. ಆ ಗಂಟುಗಳು ಮಾತ್ರ ಅವಳಿಗೆ ಬಾಯಿಪಾಠ.

"ಹಂಗಾರ ದಾರ ಏನ್ಮಾಡೋದು?" ಎಂದಳು.

"ದಾರ ಯಾಕ ಇನ್ನ?"

"ನಾ ಯಾಕ ಇನ್ನ?"

ಸುಂಕಪ್ಪ ಗಾಬರಿಯಾದ. "ಕೈ ನೋಯ್ತದ ಅಂತ ನೀನೇ ಅಂತಿದ್ದಿ."

"ಕೈ ನೋಯ್ತದ ಅಂದಿದ್ದೆ. ಮನ್ಯಾಗ ಕುಂದ್ರತೀನಿ ಅಂದಿದ್ದಿಲ್ಲ."

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಅವನು ಫ್ಲಾಶಿನ ಬೆನ್ನಿಗಿದ್ದ ಗುಂಡಿ ತೋರಿಸಿದ. ಒಂದು ಕಡೆ ಒತ್ತಿದರೆ ಆಟೋ, ಇನ್ನೊಂದು ಕಡೆಗೆ ಹಳೆಯ ಪದ್ಧತಿ. ಎರಡೂ ಅದರಲ್ಲೇ ಇದ್ದವು. ಅವಳ ಸಿಟ್ಟು ಇಳಿಯಲಿಲ್ಲ.

"ಮುಂದ ಒಪ್ಪಿಕೊಂಡೀರಲ್ಲ, ಆ ಮಸರಕಲ್ ಮದುವಿಗಿ ಯಾವುದು ಹಚ್ಚಾವರು?"

"ನಾಳಿ ದೇವದುರ್ಗದಾಗ ತೊಟ್ಟಲ ಕಾರ್ಯ ಅದ. ಆಟೋ ಹಚ್ಚಿ ನೋಡ್ತೀನಿ. ಬಂದು ಹೇಳ್ತೀನಿ."

ಅವನು ಬಂದು ಹೇಳಲಿಲ್ಲ. ದೇವದುರ್ಗದಿಂದ ಬರುವಾಗ ಸಿರವಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕೇಳಿದ. ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಚಹಾ ಬರುವುದರೊಳಗೆ ಹೋದ. ನಲವತ್ತೂ ತುಂಬಿರಲಿಲ್ಲ. ಹೆಣದ ಜೊತೆಗೇ ಕ್ಯಾಮೆರಾ ಚೀಲವೂ ಮನೆಗೆ ಬಂತು.

ದಿನಕರ್ಮ ಮುಗಿದ ಮೇಲೆ ಸುಂಕಪ್ಪನ ಅಣ್ಣ ಯಂಕೋಬ ಅಂಗಡಿಯ ಹೊಸ್ತಿಲ ಮೇಲೆ ಕೂತು ಮಾತು ತೆಗೆದ. ಕೆಟ್ಟವನಲ್ಲ. ತಮ್ಮನನ್ನು ಮಣ್ಣು ಮಾಡಿ ಬಂದು ಅವನೂ ಅನ್ನ ಬಿಟ್ಟಿದ್ದ.

"ಬಾಗ್ಲಾ ಹಾಕು ಶೇಖಮ್ಮ. ಈ ಸಾಮಾನು ಮಾರೋಣು. ನೀ ದೇವದುರ್ಗಕ್ಕ ನಮ್ಮ ಮನಿಗಿ ಬಂದ್ಬಿಡು."

"ಮಸರಕಲ್‌ದವ್ರಿಗಿ ಮಾತು ಕೊಟ್ಟಾರ, ಭಾವ."

"ಕೊಟ್ಟಾತ ಇಲ್ಲಲ್ಲವಾ."

"ನಾ ಇದ್ದೀನಲ್ರಿ."

ಯಂಕೋಬ ಅವಳ ಬೋಳು ಕೈಗಳನ್ನು ನೋಡಿದ. ಬಳೆ ಒಡೆದ ಗಾಯ ಒಂದು ಇನ್ನೂ ಮಾಯ್ದಿರಲಿಲ್ಲ. "ಆ ಕೈ ಎತ್ತಿಕೊಂಡು ಮದುವಿ ಮನ್ಯಾಗ ನಿಂದ್ರತೀ ಏನು?"

ಅವಳು ಕ್ಯಾಮೆರಾ ಚೀಲವನ್ನು ಬಳಿಗೆ ಎಳೆದುಕೊಂಡಳು. ಅವನೇ ಕಡೆಗೆ ಎದ್ದು ನಿಂತು, "ಆಗ್ಲಿ. ಮಸರಕಲ್ ಫೋಟೋ ಬಂದ್ರ ಅಂಗಡಿ ನಿಂದು. ಬರಲಿಲ್ಲಂದ್ರ ಚಾವಿ ನನ್ನ ಕೈಯಾಗ ಕೊಡು. ಮತ್ತ ಅಳಬಾರದು" ಎಂದ.

ಕ್ಯಾಮೆರಾ ಹಿಡಿಯಲು ಮೀರಾಹುಸೇನ ಒಪ್ಪಿದ. ಮಾನ್ವಿಯಲ್ಲಿ ಅವನದೂ ಒಂದು ಸ್ಟುಡಿಯೋ. ಸುಂಕಪ್ಪನ ಜೊತೆ ಕೆಲಸ ಕಲಿತವನು. ಸುಂಕಪ್ಪ ದೇವದುರ್ಗದಲ್ಲಿ ಕಡೆಯದಾಗಿ ತೆಗೆದ ರೀಲು ಕ್ಯಾಮೆರಾದಲ್ಲೇ ಉಳಿದಿತ್ತು. ಅದನ್ನು ತೊಳೆದವನೂ ಅವನೇ. ತೊಟ್ಟಿಲು, ಕೂಸು, ಹಾಡುವ ಹೆಂಗಸರು, ಎಲ್ಲವೂ ಚಂದ ಬಂದಿದ್ದವು. ಎಲ್ಲವೂ ಆಟೋದಲ್ಲಿ.

"ನೋಡ್ರಿ ಭಾಭಿ, ಕ್ಯಾ ಸಾಫ್ ಬಂದಾವ" ಎಂದ ಮೀರಾಹುಸೇನ. "ಮಸರಕಲ್‌ಕ್ಕೂ ಇದೇ ಹಚ್ಚೋಣು. ದಾರ ಬ್ಯಾಡ. ನೀವು ಯಾರ ಬಾಜೂ ಹೋಗೋದು ಬ್ಯಾಡ. ಅಲ್ಲೆಲ್ಲಾರ ಕಂಬದ ಮರಿಗಿ ನಿಂತು ಕೈ ಎತ್ತಿದ್ರ ಆತು."

ಯಾರ ಬಾಜೂ ಹೋಗೋದು ಬ್ಯಾಡ ಎಂದಾಗ ಶೇಖಮ್ಮನಿಗೆ ಉಸಿರು ಬಂದಂತಾಯಿತು. ಆದರೂ ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟಳು.

ಮಸರಕಲ್ಲಿನ ಉರುಕುಂದಪ್ಪ ಸಾಲೆ ಮಾಸ್ತರ. ಬೌದ್ಧ ಧರ್ಮ ತೆಗೆದುಕೊಂಡ ಮನೆ. ಮಗಳು ಯಂಕಮ್ಮನ ಮದುವೆ. ಹಂದರವಿಲ್ಲ, ಹೋಮವಿಲ್ಲ. ಸುಣ್ಣ ಬಳಿದ ಪಡಸಾಲೆಯಲ್ಲಿ ಮೇಜಿನ ಮೇಲೆ ಬುದ್ಧನ ಪಟ, ಎರಡು ಮೇಣಬತ್ತಿ. ಹುಡುಗಿಗೆ ಬಿಳಿ ಸೀರೆ, ಹುಡುಗನಿಗೆ ಬಿಳಿ ಅಂಗಿ ಬಿಳಿ ಧೋತರ. ಗೋಡೆಯೂ ಬಿಳಿ.

ಬಾಗಿಲಲ್ಲೇ ಮಾಸ್ತರನ ತಾಯಿ ಬೂದೆಮ್ಮ ತಡೆದಳು. "ಈಕಿ ಯಾಕ ಬಂದಾಳ? ಗಂಡ ಸತ್ತು ಇನ್ನಾ ತಿಂಗಳಾಗಿಲ್ಲ."

"ಯವ್ವಾ, ಸುಮ್ಮನಿರು," ಎಂದ ಉರುಕುಂದಪ್ಪ. "ಬುದ್ಧನ ಮುಂದ ಇವೆಲ್ಲ ನಡಿಯಂಗಿಲ್ಲ."

"ಬುದ್ಧ ನಿನ್ನಿ ಮೊನ್ನಿ ಬಂದಾನ ಈ ಮನಿಗಿ. ನಾ ಮದಲಿಂದ ಇದೀನಿ."

ಯಾರೋ ಕಿಸಕ್ಕನೆ ನಕ್ಕರು. ಶೇಖಮ್ಮ ನಗಲಿಲ್ಲ. ಪಡಸಾಲೆಯ ಕಂಬದ ಮರೆಗೆ ಹೋಗಿ ನಿಂತಳು. ಗುಂಡಿಯನ್ನು ಆಟೋಕ್ಕೆ ಒತ್ತಿದಳು. ಸೆರಗು ಮುಂಗೈ ತನಕ ಎಳೆದುಕೊಂಡು ಫ್ಲಾಶ್ ಎತ್ತಿದಳು. ಎತ್ತಿದ ಕೂಡಲೇ ಸೆರಗು ಜಾರಿತು. ಬೋಳು ಕೈ ಎಲ್ಲರ ತಲೆಯ ಮೇಲೆ ಕಾಣಿಸಿತು.

ಯಂಕಮ್ಮ ಒಳಗಿನಿಂದ ಬಂದಳು. ಮೀರಾಹುಸೇನ ಕ್ಯಾಮೆರಾ ಒತ್ತಿದ, ಫಕ್ಕನೆ ಬೆಳಕು ಹೊಡೆಯಿತು. ಹೊಡೆದಾದ ಮೇಲೆ ಫ್ಲಾಶು ಮತ್ತೆ ತುಂಬಿಕೊಳ್ಳುವಾಗ ಕುಂಯ್ ಎಂದು ದನಿ ಮಾಡುತ್ತದೆ. ತುಂಬಿತೆಂದರೆ ಕೆಂಪು ದೀಪ ಹತ್ತುತ್ತದೆ. ಅಂದು ಕುಂಯ್ ಎನ್ನುವಷ್ಟರಲ್ಲೇ ದೀಪ ಹತ್ತಿತು. ಇನ್ನೊಂದು ಹೊಡೆದರು. ಮತ್ತೆ ಹಾಗೆಯೇ.

ಶೇಖಮ್ಮ ಲೆಕ್ಕ ಹಾಕಿದಳು. ಇಷ್ಟು ದೂರದಿಂದ ಹೊಡೆದರೆ ಬಹಳ ಬೆಳಕು ಬೇಕು. ಬಹಳ ಬೆಳಕು ಹೋದರೆ ತುಂಬಲು ಹೊತ್ತು ಹಿಡಿಯಬೇಕು. ಇದು ಏನೂ ಖರ್ಚು ಮಾಡುತ್ತಲೇ ಇಲ್ಲ. ಫ್ಲಾಶಿನ ಕಡೆ ನೋಡಿದಳು. ಅದರ ಕಣ್ಣಿಗೆ ಒಂದು ಗೇಣು ಆಚೆ ಕಂಬದ ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು. ಬೆಳಕು ಕಂಬಕ್ಕೆ ಬಡಿದು ತಿರುಗಿ ಬರುತ್ತಿತ್ತು. ಸಾಕೆಂದು ಫ್ಲಾಶು ಆರುತ್ತಿತ್ತು.

"ಭಾಯಿ," ಎಂದು ಪಿಸುಗುಟ್ಟಿದಳು. "ಬೆಳಕು ಹುಡುಗಿ ತನಕ ಹೋಗವಲ್ದು."

"ಹೊಡೀತಲ್ರಿ, ನಾನೇ ನೋಡಿದೆ."

"ಹೊಡೀತು. ಲಗೂನೆ ಆರಿತು. ಈ ಕಂಬನೇ ಮದುಮಗಳು ಅಂತ ತಿಳಕೊಂಡದ ಅದು."

"ಹಂಗಾರ ಕಂಬ ಬಿಟ್ಟು ಈಚಿಗಿ ಬರ್ರಿ."

"ಈಚಿಗಿ ಬಂದ್ರ ಬಿಳಿ ಸೀರಿ, ಬಿಳಿ ಗ್ವಾಡಿ. ಅದನ್ನ ನೋಡೀನೂ ಹಂಗೇ ಆರಿದ್ರ?"

"ಖಾತ್ರಿ ಅದ ಏನ್ ಭಾಭಿ?"

"ಇಲ್ಲ."

ಮೀರಾಹುಸೇನನ ಹಣೆಯಿಂದ ಬೆವರು ಇಳಿಯಿತು. "ದೇವದುರ್ಗದ್ದು ಛಲೋ ಬಂದದಲ್ರಿ. ಭಾಯಿಜಾನ್ ಹಚ್ಚಿದ್ದೇ ಅದು. ಸುಮ್ನ ಯಾಕ ಇವರ ಬಾಯಿಗಿ ಬೀಳ್ತೀರಿ?"

ದೇವದುರ್ಗದ ಮನೆ ಹೊಗೆ ಹಿಡಿದ ಮಣ್ಣಿನ ಮನೆ. ಅಲ್ಲಿ ಸುಂಕಪ್ಪನ ಕೈಯಲ್ಲಿ ಫ್ಲಾಶಿತ್ತು, ಪಕ್ಕದಲ್ಲಿ ಕಂಬವಿರಲಿಲ್ಲ. ಇಲ್ಲಿ ಬಂದು ನಿಂತಿದ್ದರೆ ಅವನು ಯಾವುದು ಎನ್ನುತ್ತಿದ್ದನೋ ಅವಳಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಅವನಿಲ್ಲ. ಮೇಜಿನ ಮೇಲಿನ ಮಾಲೆಗಳನ್ನು ಯಾರೋ ಎತ್ತಿಕೊಂಡರು. ಮಾಲೆ ಬಿದ್ದ ಮೇಲೆ ಮದುವೆ ಮುಗಿದ ಹಾಗೆ. ಮತ್ತೊಮ್ಮೆ ಹಾಕಿರಿ ಎಂದು ಯಾರನ್ನು ಕೇಳುವುದು?

ಶೇಖಮ್ಮ ಗುಂಡಿಯನ್ನು ಮ್ಯಾನುವಲ್ಲಿಗೆ ಒತ್ತಿದಳು. ಸೊಂಟದ ದಾರ ಬಿಚ್ಚಿ ಹಿಡಿಕೆಗೆ ಕಟ್ಟಿದಳು. ಕಂಬ ಬಿಟ್ಟು ಪಡಸಾಲೆಯ ನಡುವಿಗೆ ಬಂದಳು. ದಾರದ ತುದಿ ಹಿಡಿದ ಅವಳ ಕೈ ಮದುಮಗಳ ಹೆಗಲ ಕಡೆ ಹೋಗುತ್ತಿದ್ದಂತೆ ಬೂದೆಮ್ಮ ಎದ್ದಳು.

"ಏಯ್! ಕೈ ತಗಿ! ನನ್ನ ಮಮ್ಮಗಳನ್ನ ಮುಟ್ಟೀ ನೋಡು!"

"ಮುಟ್ಟಂಗಿಲ್ಲ ಯವ್ವಾ. ದಾರ ಅಷ್ಟೇ ಮುಟ್ಟಸ್ತೀನಿ."

"ದಾರ ನಿನ್ನ ಕೈಯಾಗ ಇಲ್ಲೇನು?"

"ದಾರ ಇಡದಿದ್ರ ಫೋಟೋ ಬರಂಗಿಲ್ಲ."

"ಬರದಿದ್ರ ಬ್ಯಾಡ!"

"ನನಗ ಬೇಕು," ಎಂದಳು ಯಂಕಮ್ಮ, ತಲೆ ಎತ್ತದೆ.

ಬೂದೆಮ್ಮ ಮೊಮ್ಮಗಳನ್ನು ನೋಡಿದಳು. ಶೇಖಮ್ಮನನ್ನು ನೋಡಿದಳು. ಆಮೇಲೆ ಬಿರಬಿರನೆ ಬಂದು ದಾರದ ತುದಿಯನ್ನು ಅವಳ ಕೈಯಿಂದ ಕಸಿದುಕೊಂಡಳು. ತಾನೇ ಅದನ್ನು ಮೊಮ್ಮಗಳ ಹೆಗಲ ಮೇಲೆ ಒತ್ತಿ ಹಿಡಿದಳು.

"ಇಲ್ಲಿ ನಾ ಹಿಡೀತೀನಿ. ನೀ ಹಿಂದಕ ಸರಿ. ಇನ್ನಾ ಸರಿ. ಇನ್ನಾ."

ಶೇಖಮ್ಮ ಸರಿದಳು. ಒಂದನೇ ಗಂಟು ಹೋಯಿತು, ಎರಡನೇದು ಹೋಯಿತು. ಮುದುಕಿ ಬಿಡಲಿಲ್ಲ. ಮೂರನೇ ಗಂಟು ಕೈಗೆ ಸಿಕ್ಕಾಗ ಶೇಖಮ್ಮ ಗಟ್ಟಿಯಾಗಿ ನಿಂತುಬಿಟ್ಟಳು.

"ಮೂರನೇದು. ಕಿಂಡಿ ಎಂಟಕ್ಕ ಇಡ್ರಿ ಭಾಯಿ."

ಜೋಡಿ ನಿಂತದ್ದು ಒಂದು ಹೊಡೆದರು. ಪಡಸಾಲೆ ಪೂರಾ ಬೆಳ್ಳಗಾಯಿತು. ಕುಂಯ್ ಎಂದು ದನಿ ಶುರುವಾಯಿತು. ನಿಲ್ಲಲಿಲ್ಲ. ಹುಡುಗ ಮಾಲೆ ಎತ್ತಿದ. ದನಿ ನಡೆದೇ ಇತ್ತು, ಸಣ್ಣಗೆ, ದಣಿದ ಹಾಗೆ. ಒಳಗಿನ ಸೆಲ್ಲುಗಳು ಸುಂಕಪ್ಪ ಹಾಕಿದವು. ಅವನು ಮುಟ್ಟಿದ್ದೆಂದು ಅವಳು ತೆಗೆದಿರಲಿಲ್ಲ. ಕೆಂಪು ದೀಪ ಹತ್ತಲಿಲ್ಲ. ಮಾಲೆ ಯಂಕಮ್ಮನ ತಲೆಯ ಮಟ್ಟಕ್ಕೆ ಬಂತು.

"ತಡೀರಿ!" ಎಂದು ಶೇಖಮ್ಮ ಕೂಗಿದಳು.

ಮದುವೆ ಮನೆಯಲ್ಲಿ ಗಂಡ ಸತ್ತವಳು ಮಾಲೆ ನಿಲ್ಲಿಸಿದಳು. ಹುಡುಗ ಮಾಲೆ ಹಿಡಿದುಕೊಂಡೇ ನಿಂತ. ಒಂದು ಹೂ ಉದುರಿ ಬಿತ್ತು. ಉರುಕುಂದಪ್ಪ ಕಣ್ಣು ಮುಚ್ಚಿಕೊಂಡ. ಶೇಖಮ್ಮ ಎತ್ತಿದ ಕೈ ಇಳಿಸಲಿಲ್ಲ.

"ಲಗೂ ಮಾಡೇ," ಎಂದಳು ಬೂದೆಮ್ಮ, ದಾರ ಬಿಡದೆ. "ಹುಡುಗನ ಕೈ ಸೋಲ್ತಾವ."

ಕೆಂಪು ದೀಪ ಹತ್ತಿತು.

"ಹಾಕ್ರಿ."

ಬೆಳಕು ಹೊಡೆಯಿತು.

ಮರುದಿನ ಮಧ್ಯಾಹ್ನ ಮೀರಾಹುಸೇನ ರಾಯಚೂರಿನ ಅಂಗಡಿಯ ಕತ್ತಲ ಕೋಣೆಯಲ್ಲಿ ರೀಲು ತೊಳೆದು ಕಾಗದದ ಮೇಲೆ ಪಟ ಇಳಿಸಿದ. ಹೊರಗೆ ಯಂಕೋಬ ಬಂದು ಕೂತಿದ್ದ. ಫೋಟೋ ಕಾಣಬೇಕೆಂದು ಉರುಕುಂದಪ್ಪನೂ ಬಂದಿದ್ದ. ಶೇಖಮ್ಮ ಅಂಗಡಿಯ ಚಾವಿಯನ್ನು ತಾನೇ ತಂದು ಮೇಜಿನ ಮೇಲೆ ಇಟ್ಟಳು.

ಕಂಬದ ಮರೆಯಿಂದ ಹೊಡೆದವು ಹಾಳಾಗಿದ್ದವು. ಹುಡುಗಿ ನಡೆದು ಬರುವುದು ಮಸಿ ಬಳಿದ ಹಾಗೆ, ಕಣ್ಣು ಮೂಗು ಗೊತ್ತಾಗದು. ಯಂಕೋಬ ಅವನ್ನು ಒಂದೊಂದೇ ಎತ್ತಿ ನೋಡಿ ಕೆಳಗಿಟ್ಟ.

"ಕೆಟ್ಟಾವಲ್ಲವಾ."

"ಕೆಟ್ಟಾವ್ರಿ."

"ಮತ್ತ?"

"ಮದುವಿ ಬಂದದ," ಎಂದು ಅವಳು ಮಾಲೆಯದನ್ನು ಮುಂದಿಟ್ಟಳು.

ಬಿಳಿ ಸೀರೆಯ ನಿರಿಗೆ ನಿರಿಗೆಯೂ ಕಾಣುತ್ತಿತ್ತು. ಯಂಕಮ್ಮನ ಮುಖದ ಒಂದು ಕಡೆ ಬೆಳಕು, ಒಂದು ಕಡೆ ಸಣ್ಣ ನೆರಳು. ಹೆಗಲ ಮೇಲೆ ಒಂದು ಸುಕ್ಕುಗಟ್ಟಿದ ಕೈ.

"ಇದ್ಯಾರ ಕೈ?" ಎಂದ ಯಂಕೋಬ.

"ನಮ್ಮವ್ವಂದು," ಎಂದ ಉರುಕುಂದಪ್ಪ. ಪಟವನ್ನು ಕಿಟಕಿಯ ಬೆಳಕಿಗೆ ಒಯ್ದು ನಿಂತ. "ಇದನ್ನ ತೋರಿಸಿದ್ರ ಆಕಿ ಸುಮ್ನ ಬಿಡ್ತಾಳ ಏನು? ಕೈ ಬಂದದ, ನನ್ನ ಮಾರಿ ಎಲ್ಲಿ ಅಂತ ಜಗಳ ತಗೀತಾಳ."

ಮೀರಾಹುಸೇನ ನಕ್ಕ. ಯಂಕೋಬ ನಗಲಿಲ್ಲ. ಮೇಜಿನ ಮೇಲಿದ್ದ ಚಾವಿಯನ್ನು ಬೆರಳಿನಿಂದ ಶೇಖಮ್ಮನ ಕಡೆ ದೂಡಿ, "ದೇವದುರ್ಗದ ಬಸ್ಸು ಎಷ್ಟಕ್ಕದ?" ಎಂದು ಕೇಳಿದ.

ಅಂಗಡಿ ಉಳಿಯಿತು. ಕ್ಯಾಮೆರಾ ಹಿಡಿಯುವುದನ್ನೂ ಅವಳು ಕಲಿತಳು. ಆಟೋವನ್ನು ಬಿಡಲಿಲ್ಲ. ಮಕ್ಕಳು ಓಡಾಡುವಲ್ಲಿ ಅದನ್ನೇ ಹಚ್ಚಿದಳು. ಬಿಳಿ ಗೋಡೆ ಕಂಡಲ್ಲಿ ದಾರ ಬಿಚ್ಚಿದಳು. ಮಾನ್ವಿ, ಕಲ್ಮಲ, ಸಿರವಾರ, ಕರೆದ ಕಡೆಗೆಲ್ಲ ಹೋದಳು. ಕೆಲವು ಮನೆಯವರು ಕರೆದರು. ಕೆಲವರು ಬಾಗಿಲಿಗೆ ಬಂದವಳನ್ನು ನೋಡಿ, ನಾಳೆ ಹೇಳಿ ಕಳಿಸುತ್ತೇವೆ ಎಂದರು. ಹೇಳಿ ಕಳಿಸಲಿಲ್ಲ. ಮನೆಗೆ ಬಂದರೆ ಹೇಗಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಅದಕ್ಕೆ ಮದ್ದು ಸಿಗಲಿಲ್ಲ.

ಈಗಲೂ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಚಹಾಕ್ಕೂ ಮೊದಲು, ಅವಳು ಫ್ಲಾಶಿನ ಸೆಲ್ಲುಗಳನ್ನು ತೆಗೆದು ಸೆರಗಿನಿಂದ ಒರೆಸುತ್ತಾಳೆ. ಬಿಸಿಲು ತಾಗಿದರೆ ಸೋತ ಸೆಲ್ಲಿಗೆ ಮತ್ತೆ ಜೀವ ಬರುತ್ತದೆಂದು ಮಾಳಿಗೆ ಹತ್ತಿ ಕುಂಬಿ ಗೋಡೆಯ ಮೇಲೆ ಸಾಲಾಗಿ ಇಡುತ್ತಾಳೆ. ಕಾಗೆ ಉರುಳಿಸುತ್ತದೆಂದು ಅಲ್ಲೇ ಕೂತು ಕಾಯುತ್ತಾಳೆ. ಒಂದು ಕಡೆ ಬಿಸಿಯಾದ ಮೇಲೆ ಹೊರಳಿಸಿ ಇನ್ನೊಂದು ಕಡೆ ಇಡುತ್ತಾಳೆ.