ಹುಳದ ಮನೆಗೂ ಸಿಗ್ನಲ್ಲು

ಕನಕಪುರದ ಕಾಡಾನೆಯನ್ನೇ ಹಿಪ್ಪುನೇರಳೆ ತೋಟದಲ್ಲಿ ಬಚ್ಚಿಟ್ಟವನು ನಾನು. ಫಾರೆಸ್ಟಿನವರು ಪಕ್ಕದಲ್ಲೇ ಬೀಡಿ ಸೇದಿ ಹೋದರು. ಅಂಥವನು, ಗಂಡನ ಹೊಡೆತ ತಾಳದೆ ಮಾಗಡಿಯಿಂದ ಓಡಿಬಂದ ತಮ್ಮನ ಮಗಳನ್ನ ಅಕ್ಕೂರಿನ ನಮ್ಮ ರೇಷ್ಮೆಹುಳದ ಮನೆಯಲ್ಲಿಟ್ಟೆ. ಹುಳಕ್ಕೆ ರೋಗ ತಗಲ್ತದೆ ಅಂತ ಅಲ್ಲಿಗೆ ಹೊರಗಿನವರು ಕಾಲಿಡಲ್ಲ. ಅವಳ ಫೋನಿನ ಲೊಕೇಶನ್ನೂ ಆಫ್ ಮಾಡಿಸಿದ್ದೆ.

ವಾರದೊಳಗೆ ಅವಳ ಗಂಡ ಹುಳದ ಮನೆ ಬಾಗಿಲಿಗೇ ಬಂದ.

“ಇಲ್ಲಿಲ್ಲ ಕಣಪ್ಪ,” ಅಂದೆ.

“ಸುಳ್ಳ್ಯಾಕ್ ಮಾವ? ಲೊಕೇಶನ್ ಆಫಾದ್ರೂ ಫೋನು ತಾನೆಲ್ಲಿದೀನಿ ಅಂತ ಹತ್ತಿರದ ಟವರ್‌ಗೆ ಹೇಳ್ತಾನೇ ಇರ್ತದೆ. ನಂಬರ್ ಕೊಟ್ರೆ ಯಾವ ಟವರ್ ಅಂತ ತೆಗೆದುಕೊಡೋ ಜನ ಅವ್ರೆ. ಈ ಟವರ್ ಸುತ್ತ ಅವಳಿಗೆ ನೆಂಟ ಅಂದ್ರೆ ನೀನೊಬ್ಬನೇ.”

ಒಳಗಿಂದ ಅವಳೇ ಬಂದಳು. “ಬುಡು ದೊಡ್ಡಪ್ಪ, ಎಲ್ಲೋದ್ರೂ ಬತ್ತಾನೆ,” ಅಂದು ಅವನ ಬೈಕ್ ಹತ್ತಿದಳು. ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ.

ಊರಿಗೆ ಟವರ್ ತರಿಸಿದ್ದು ನಾನೇ ಅಂತ ಮೊನ್ನೆವರೆಗೂ ಮೀಸೆ ತಿರುವ್ತಿದ್ದೆ.